ಕುರಿಬಯಲಿನ ಕೆಂಪು ಬಟ್ಟೆ

ಸೋಂಬೇರಿ ಗೇಟಿನ ಮುಂದೆ ಕೂತುಬಿಟ್ಟ. ಏಳು ಅಂದರೆ ಏಳಲಿಲ್ಲ.

ಹಗ್ಗ ಎಳೆದೆ. ಗದರಿದೆ. ಬಾರೋ ನನ್ನಪ್ಪ ಅಂತ ಗಲ್ಲ ಹಿಡಿದೆ. ಉದ್ದ ಕಿವಿಗಳನ್ನು ನೆಲಕ್ಕೆ ಹಾಸಿಕೊಂಡು, ಗೇಟಿನಾಚೆಯ ಗುಡ್ಡವನ್ನೇ ನೋಡುತ್ತಾ ನಡುಗುತ್ತಿದ್ದ. ಆ ನಡುಕ ಹಗ್ಗದಲ್ಲಿ ಹರಿದು ನನ್ನ ಕೈಗೆ ಬಂತು. ಅಲ್ಲಿಂದ ಎದೆಗೆ ಎಷ್ಟು ದೂರ?

ಮೊನ್ನೆ ಬೆಳಿಗ್ಗೆ ಇದೇ ನಾಯಿಯನ್ನು ಕರೆದುಕೊಂಡು ಇದೇ ದಾರಿಯಲ್ಲಿ ಹೋದ ನನ್ನ ತಂಗಿಯ ಮಗಳು ಇನ್ನೂ ಮನೆಗೆ ಬಂದಿಲ್ಲ. ಸಂಜೆ ನಾಯಿ ಮಾತ್ರ ಬಂತು, ಮೈಯೆಲ್ಲ ಕೆಸರು ಮಾಡಿಕೊಂಡು, ಕುತ್ತಿಗೆಯ ಹಗ್ಗವನ್ನು ಬೀದಿಯುದ್ದಕ್ಕೂ ಎಳೆದುಕೊಂಡು.

"ಇದು ಯಾವಾಗ್ಲೂ ಹೀಗೇನಾ?" ಅಂದರು ಇನ್ಸ್‌ಪೆಕ್ಟರಮ್ಮ. ನಾಯಿಯಿಂದ ನಾಲ್ಕು ಮಾರು ದೂರ ನಿಂತಿದ್ದರು. ಕಳ್ಳರನ್ನು ಹಿಡಿಯುವ ಆಯಮ್ಮನಿಗೆ ನಾಯಿ ಕಂಡರೆ ಆಗದು. ಅಂಗಡಿಗೆ ವಿಚಾರಣೆಗೆ ಬಂದ ದಿನವೂ ಕುರ್ಚಿಯ ಮೇಲೆ ಕಾಲು ಮಡಚಿಕೊಂಡೇ ಕೂತಿದ್ದರು.

"ಸೋಮಾರಿ ಅಂತಲೇ ಸೋಂಬೇರಿ ಅಂತ ಹೆಸರಿಟ್ಟದ್ದು. ಆದರೆ ಈ ಗೇಟು ಕಂಡರೆ ಕುಣೀತಾ ಇದ್ದ" ಅಂದೆ.

"ಇವತ್ತು ಕುಣೀತಿಲ್ಲ."

"ಇಲ್ಲ."

ಬೆಳಿಗ್ಗೆಯಿಂದ ಎದ್ದಿದ್ದ ಮಂಜು ಮಧ್ಯಾಹ್ನ ಕಳೆದರೂ ಕರಗಿರಲಿಲ್ಲ. ತಿರುಗಿ ನೋಡಿದರೆ ನಮ್ಮ ಹಳೇ ಪೇಟೆಯ ಗಡಿಯಾರ ಗೋಪುರದ ತುದಿ ಮಾತ್ರ ಕಾಣುತ್ತಿತ್ತು. ಅದರ ಕೆಳಗಿನ ಕಲ್ಲುಕಂಬದ ಸಂತೆಕಟ್ಟೆ, ಸಾಲು ಅಂಗಡಿಗಳು, ಮೂಲೆಯಲ್ಲಿ ನನ್ನ ಚಹಾದಂಗಡಿ, ಎಲ್ಲವನ್ನೂ ಮಂಜು ನುಂಗಿಕೊಂಡಿತ್ತು.

ಊರು ನೋಡಲು ಬರುವವರನ್ನು ಅವರ ನಾಯಿಗಳ ಸಮೇತ ನನ್ನ ಅಂಗಡಿಯ ಮುಂದಿನಿಂದ ಹೊರಡಿಸಿ, ಹೊಳೆದಂಡೆ, ಹೊಲದ ಬದು, ಕುರಿಬಯಲು, ಗುಡ್ಡ ಅಂತ ಒಂದು ಸುತ್ತು ಹಾಕಿಸಿ ತರುವುದು ನನ್ನ ಮಗಳ ಕೆಲಸ. ತಂಗಿಯ ಮಗಳು ಅಂತ ಬಾಯಲ್ಲಿ ಹೇಳುತ್ತೇನೆ ಅಷ್ಟೇ. ತಂಗಿ ಹೋದ ಮೇಲೆ ಹಾಲು ಹಾಕಿ ಬೆಳೆಸಿದವಳು ನಾನು. ಚಳಿಗಾಲದಲ್ಲಿ ಪರಊರಿನವರು ಬರುವುದಿಲ್ಲ. ಆಗ ನಾಯಿ ಕರೆದುಕೊಂಡು ಗುಡ್ಡ ಸುತ್ತಲು ಹೋಗುವವರು ಮೂರೇ ಜನ. ನನ್ನ ಮಗಳು, ಪಶುವೈದ್ಯರು, ಗಡಿಯಾರದವರು.

ಆ ಇಬ್ಬರೂ ಇವತ್ತು ನಮ್ಮ ಜೊತೆ ಬಂದಿದ್ದರು. ದಾರಿಯ ಒಂದೊಂದು ಕಲ್ಲೂ ಗೊತ್ತಿರುವವರು, ಹುಡುಕಲು ಅನುಕೂಲ ಅಂತ ಇನ್ಸ್‌ಪೆಕ್ಟರಮ್ಮನೇ ಕರೆಸಿದ್ದರು.

"ಕೊಡಿ ಇಲ್ಲಿ, ದೊಡ್ಡಮ್ಮ" ಅಂತ ಪಶುವೈದ್ಯರು ಮುಂದೆ ಬಂದರು. ನಮ್ಮ ಪೇಟೆಯಲ್ಲಿ ಎಲ್ಲರೂ ಅವರನ್ನು ಬರೀ ಡಾಕ್ಟ್ರು ಅನ್ನುವುದು. ಮನುಷ್ಯರ ಡಾಕ್ಟರಿಗಿಂತ ಅವರ ಮೇಲೇ ಊರಿಗೆ ನಂಬಿಕೆ ಜಾಸ್ತಿ. ಸೋಂಬೇರಿಯ ಮುಂದೆ ಮಂಡಿಯೂರಿ, ಜೇಬಿನಿಂದ ಬಿಸ್ಕತ್ತು ತೆಗೆದರು. "ತಗೋ ಮರಿ. ಎರಡು ದಿನದಿಂದ ಏನೂ ತಿಂದಿಲ್ಲವಂತೆ?"

ಸೋಂಬೇರಿ ಬಿಸ್ಕತ್ತು ಮೂಸಲೂ ಇಲ್ಲ. ನನ್ನ ಸೀರೆಯ ಹಿಂದೆ ನುಗ್ಗಿದ. ಬಿಸ್ಕತ್ತಿನ ಡಬ್ಬ ಅಲ್ಲಾಡಿಸಿದರೆ ಮೂರು ಬೀದಿಯಾಚೆಯಿಂದ ಓಡಿಬರುವ ನಾಯಿ.

"ಪಾಪ, ದುಃಖ" ಅಂದರು ಡಾಕ್ಟ್ರು. "ಇವಕ್ಕೂ ನಮ್ಮ ಹಾಗೇ."

ಅವರ ಕಣ್ಣಲ್ಲಿ ನೀರಾಡಿತು.

ಗಡಿಯಾರದವರು ಕೆಮ್ಮಿದರು. ಗೋಪುರದ ಗಡಿಯಾರಕ್ಕೆ ಕೀಲಿ ಕೊಡುವ, ಎಣ್ಣೆ ಹಾಕುವ ಕೆಲಸ ಅವರದು. ಒಣಕಲು ಆಳು. ಮಾತು ಕಡಿಮೆ, ಕೆಮ್ಮು ಜಾಸ್ತಿ. ಅವರ ಪುಟ್ಟ ಬಿಳಿ ನಾಯಿ ಹತ್ತಿಯುಂಡೆ ಅವರ ಕೋಟಿನೊಳಗಿಂದ ಮೂತಿ ಹೊರಗೆ ಹಾಕಿಕೊಂಡಿತ್ತು.

"ನಾನು ಈ ಕಡೆ ಬಂದು ಎಷ್ಟೋ ದಿನ ಆಯ್ತು" ಅಂದರು, ಯಾರೂ ಕೇಳದೆಯೇ. "ಕೆಮ್ಮು. ಮನೆ ಬಿಟ್ಟು ಕದಲಿಲ್ಲ."

ಇನ್ಸ್‌ಪೆಕ್ಟರಮ್ಮ ಅವರ ಮುಖ ನೋಡಲಿಲ್ಲ, ಬೂಟು ನೋಡಿದರು. ನಾನೂ ನೋಡಿದೆ. ಕಪ್ಪು ಬೂಟಿನ ಹೊಲಿಗೆಯ ಸಂದಿಯಲ್ಲೆಲ್ಲ ಬಿಳಿ ಪುಡಿ ಕಚ್ಚಿಕೊಂಡಿತ್ತು.

"ಏನಿದು?"

"ಗೋಪುರದ ಗಾರೆ. ಉದುರ್ತಾ ಇದೆ."

"ಮನೆ ಬಿಟ್ಟು ಕದಲಿಲ್ಲ ಅಂದ್ರಿ."

"ಗೋಪುರ ಮನೆ ಪಕ್ಕದ್ದೇ ಅಲ್ವಾ, ಮೇಡಂ" ಅಂದರು. ಮತ್ತೆ ಕೆಮ್ಮಿದರು. ಆ ಕೆಮ್ಮು ಮುಗಿಯುವ ಹಾಗೇ ಕಾಣಲಿಲ್ಲ.

ಅಷ್ಟರಲ್ಲಿ ಗೇಟಿನಾಚೆ ಮಂಜಿನಲ್ಲಿ ಒಂದು ಆಕಾರ ಎದ್ದು ನಿಂತಿತು. ಕೈಯಲ್ಲಿ ಕೋಲು.

"ಯಾರದು? ನಾಯಿ ತಂದ್ರೆ ಕಾಲು ಮುರೀತೀನಿ!"

ಮುಂಗೋಪಿ. ಕುರಿಬಯಲಿನ ಯಜಮಾನ. ಅವನಿಗೆ ಬೇರೆ ಹೆಸರಿದ್ದದ್ದು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಮಗಳು ಕಾಣೆಯಾದ ದಿನದಿಂದ ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಅವನೇ. ನಾಯಿಗಳೆಂದರೆ ಉರಿದುಬೀಳುವವನು. ನಾಯಿ ಕರೆದುಕೊಂಡು ಹೋಗುವವಳ ಮೇಲೆ ಹಲ್ಲು ಕಡಿಯುತ್ತಿದ್ದವನು. ಚಹಾ ಕುಡಿಯಲು ಬಂದವರು ಲೋಟ ಕೆಳಗಿಡುವ ಮೊದಲೇ ಅವನನ್ನು ಜೈಲಿಗೆ ಕಳಿಸಿಬಿಟ್ಟಿದ್ದರು.

"ಪೊಲೀಸು" ಅಂದರು ಇನ್ಸ್‌ಪೆಕ್ಟರಮ್ಮ. "ಕಾಲು ಮುರಿಯೋದು ಆಮೇಲೆ. ಬನ್ನಿ ಇಲ್ಲಿ."

ಅವನು ಬಂದ. ಗೇಟು ತೆಗೆಯಲಿಲ್ಲ. ಅದರ ಮೇಲಿನ ಅಡ್ಡಪಟ್ಟಿಗೆ ಎರಡೂ ಮೊಣಕೈ ಊರಿ ನಿಂತ.

"ಮೊನ್ನೆ ಬೆಳಿಗ್ಗೆ ಆ ಹುಡುಗಿ ಇಲ್ಲಿಗೆ ಬಂದಿದ್ಲಾ?"

"ಬಂದಿದ್ಲು."

"ನಿಲ್ಲಿಸಿದ್ರಾ?"

"ನಾನ್ಯಾಕೆ ನಿಲ್ಲಿಸಲಿ? ದಾರಿ ಸರ್ಕಾರದ್ದು."

"ಜಗಳ ಆಡಿದ್ರಂತೆ ಅವಳ ಜೊತೆ. ಸಂತೆಕಟ್ಟೆ ಮುಂದೆ, ಹತ್ತು ಜನರ ಎದುರಿಗೆ. ಗುಂಡಿ ತೋಡಿ ಹೂಳ್ತೀನಿ ಅಂದ್ರಂತೆ."

"ನಾಯೀನ ಅಂದದ್ದು!" ಅವನು ಕೋಲನ್ನು ಗೇಟಿಗೆ ಬಡಿದ. ಸೋಂಬೇರಿ ಬೆಚ್ಚಿದ, ಇನ್ಸ್‌ಪೆಕ್ಟರಮ್ಮನೂ ಬೆಚ್ಚಿದರು. "ನಾಯೀನ ಹೂಳ್ತೀನಿ ಅಂದೆ. ಹುಡುಗೀನ ಅಂದ್ನಾ? ಆ ಹುಡುಗಿ ನನ್ನ ಗೇಟು ಒಂದು ದಿನಾನೂ ತೆಗೆದಿಟ್ಟು ಹೋದವಳಲ್ಲ. ಮರಿ ಹಾಕೋ ಕಾಲದಲ್ಲಿ ದೂರದಿಂದಲೇ ಕೂಗಿ ಕೇಳಿ ಬರ್ತಿದ್ಲು. ನೀವೆಲ್ಲ ಸೇರ್ಕೊಂಡು ನನ್ನ ತಲೆಗೆ ಕಟ್ತಿದ್ದೀರಲ್ಲ, ಯಾರಾದ್ರೂ ಬಂದು ನನ್ನ ಕೇಳಿದ್ರಾ? ಈ ಅಜ್ಜಿ ಬಂದ್ಲಾ? ಎರಡು ದಿನದಿಂದ ನನ್ನ ಹೆಂಡ್ತಿ ಬ್ರೆಡ್ಡು ತರೋಕೆ ಪೇಟೆಗೆ ಹೋಗೋಕೆ ಆಗ್ತಿಲ್ಲ."

ನಾನು ತಲೆ ತಗ್ಗಿಸಿದೆ. ಅವನ ದನಿ ಒಡೆದಿತ್ತು. ಸಿಟ್ಟು ಅಂತ ನಾವು ತಿಳಿದದ್ದು ಸಿಟ್ಟೇ ಆಗಿರಲಿಲ್ಲ. ಆ ಆಳೂ ಹೆದರಿದ್ದ.

"ಈಗ ಕೇಳ್ತಿದ್ದೀನಿ" ಅಂದರು ಇನ್ಸ್‌ಪೆಕ್ಟರಮ್ಮ, ಸ್ವಲ್ಪ ಮೆತ್ತಗೆ. "ಏನು ನೋಡಿದ್ರಿ?"

"ಏನು ನೋಡ್ಲಿ? ಕೆಳಗೆ ಗುಡಿಸಲಲ್ಲಿದ್ದೆ. ಅಲ್ಲಿಂದ ಮನುಷ್ಯರು ಕಾಣಲ್ಲ. ಬಟ್ಟೆ ಕಾಣುತ್ತೆ. ಬಟ್ಟೆ ಏರಿತು. ಮರಿಗಳನ್ನ ದೊಡ್ಡಿಗೆ ಹಾಕ್ದೆ. ಆಮೇಲೆ ಬಟ್ಟೆ ಇಳೀತು. ಬಿಟ್ಟೆ. ಬಿಟ್ಟು ಎಷ್ಟೋ ಹೊತ್ತಾದ ಮೇಲೆ ಗುಡ್ಡದ ಕಡೆಯಿಂದ ಇದೇ ಉದ್ದಕಿವಿ ಓಡ್ಕೊಂಡು ಬಂತು, ನನ್ನ ಮರಿಗಳ ಮಧ್ಯೆ! ಬಟ್ಟೆ ಇಳಿಸಿ ನಾಯಿ ಒಳಗೆ ಬಿಟ್ಟಿದ್ದಾಳಲ್ಲ ಅಂತ ಬಾಯಿಗೆ ಬಂದ ಹಾಗೆ ಬೈದೆ. ಬೈದದ್ದು ನಿಜ. ಅದಕ್ಕೆ ಬೇಕಾದ್ರೆ ಹಿಡ್ಕೊಂಡು ಹೋಗಿ."

ನನ್ನ ಕೈಯಿಂದ ಹಗ್ಗ ಜಾರಿತು.

"ಏನಮ್ಮ?" ಇನ್ಸ್‌ಪೆಕ್ಟರಮ್ಮ ನನ್ನನ್ನೇ ನೋಡುತ್ತಿದ್ದರು. "ಯಾವ ಬಟ್ಟೆ?"

ಹೇಳಬೇಕಾಯಿತು. ಇವನ ಅಪ್ಪನ ಕಾಲದ ಮಾತು. ಯಾರದೋ ಬೇಟೆನಾಯಿ ಒಂದು ಸಂಜೆ ಈ ಬಯಲಿಗೆ ನುಗ್ಗಿ ಮರಿಗಳನ್ನು ಕಡಿದು ಹಾಕಿತ್ತು. ಮಾರನೇ ದಿನ ಇವನ ಅಪ್ಪ ಸತ್ತ ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು, ಬಂದೂಕು ಹಿಡಿದು, ಸಂತೆಯ ನಡುವೆ ಬಂದು ನಿಂತ. ಯಾರ ನಾಯಿ ಅಂತ ಕೇಳಿದ. ತೂಕದ ಕಲ್ಲು ಕೈಯಲ್ಲಿ ಹಿಡಿದವನು ಹಿಡಿದೇ ಇದ್ದ. ಆಗ ನನ್ನ ಅತ್ತೆ ಅಂಗಡಿಯಿಂದ ಇಳಿದುಹೋಗಿ, ತನ್ನ ಕೆಂಪು ಸೆರಗನ್ನೇ ಹರಿದು ಆ ಮನುಷ್ಯನ ಕೈಗೆ ಕೊಟ್ಟರು. ನಾಯಿ ಕರೆದುಕೊಂಡು ಬಯಲಿಗೆ ಬರುವವರು ಇದನ್ನು ಗೇಟಿನ ಕಂಬಕ್ಕೆ ಕಟ್ಟಲಿ, ನೀನು ಮರಿಗಳನ್ನು ದೊಡ್ಡಿಗೆ ಹಾಕಿಕೋ. ಕಟ್ಟಿದವರು ಬಯಲು ಬಿಟ್ಟು ಹೊರಡುವಾಗ ಇದೇ ಗೇಟಿಗೆ ಬಂದು ಬಿಚ್ಚಲಿ. ಆಗ ಮರಿಗಳನ್ನು ಬಿಡು ಅಂದರು. ಅವತ್ತಿನಿಂದ ಹಾಗೇ ನಡೆದಿದೆ. ಬಟ್ಟೆ ಹರಿದರೆ ಬೇರೆ ಬಟ್ಟೆ. ಕಂಬದ ಬುಡದಲ್ಲಿ ಒಂದು ಚಪ್ಪಟೆ ಕಲ್ಲಿದೆ. ಬಿಚ್ಚಿದ ಬಟ್ಟೆಯನ್ನು ಅದರ ಕೆಳಗೆ ಇಡುವುದು, ಗಾಳಿಗೆ ಹಾರದ ಹಾಗೆ.

ಇನ್ಸ್‌ಪೆಕ್ಟರಮ್ಮ ಬಗ್ಗಿ ಕಲ್ಲೆತ್ತಿದರು. ಬಟ್ಟೆ ಅಲ್ಲೇ ಇತ್ತು. ಒದ್ದೆ, ನೀಟಾಗಿ ಮಡಚಿದ್ದು.

"ಹುಡುಗಿ ಕಟ್ಟಿದ್ಲು" ಅಂದರು ನಿಧಾನವಾಗಿ. "ನಾಯಿ ಆಮೇಲೂ ಒಳಗೇ ಇತ್ತು. ನಾಯಿ ಒಳಗಿದ್ರೆ ಅವಳು ಬಿಚ್ಚೋಳಾ?"

"ಜೀವ ಹೋದರೂ ಇಲ್ಲ" ಅಂದೆ. ಅಂದಮೇಲೆ ನನ್ನ ಮಾತಿಗೆ ನಾನೇ ನಡುಗಿದೆ.

"ಹಾಗಾದ್ರೆ ಬಿಚ್ಚಿದವರು ಬೇರೆ. ಅವರೂ ಗುಡ್ಡದಿಂದ ಇಳಿದು ಬಂದವರೇ. ಗೇಟು ದಾಟಿದ್ರು, ಕೈ ತಾನಾಗೇ ಕಂಬಕ್ಕೆ ಹೋಯ್ತು. ಬಿಚ್ಚಿದ್ರು, ಮಡಚಿದ್ರು, ಕಲ್ಲಿನ ಕೆಳಗಿಟ್ರು. ದಿನಾ ಮಾಡೋ ಹಾಗೆ." ಅವರು ಬಟ್ಟೆಯನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. "ಕದ್ದು ಬಂದವರು ಇದನ್ನ ಮುಟ್ಟಬಾರದಿತ್ತು. ಹೊರಗಿನವನಾಗಿದ್ರೆ ಮುಟ್ತಾನೂ ಇರ್ಲಿಲ್ಲ, ಅವನಿಗೆ ಅದು ಬರೀ ಚಿಂದಿ. ಈ ಚಳಿಯಲ್ಲಿ ಈ ಬಟ್ಟೆ ಕಟ್ಟಿ ಬಿಚ್ಚಿ ಅಭ್ಯಾಸ ಇರೋರು ಯಾರ್ಯಾರು?"

ಗೇಟಿನ ಕಬ್ಬಿಣದಿಂದ ಮಂಜಿನ ಹನಿ ತೊಟ್ಟಿಕ್ಕುತ್ತಿತ್ತು.

ಹೊರಗಿನ ಯಾವನೋ ದಾರಿಹೋಕ, ಯಾವನೋ ಕೇಡಿ ಅಂತ ಎರಡು ದಿನ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೆ. ಈಗ ಆ ಸಮಾಧಾನವೂ ಹೋಯಿತು. ನನ್ನ ಕೈಯ ಚಹಾ ಕುಡಿದವರು. ಮಗಳು ಕಾಣೆಯಾದ ಸಂಜೆ ಬೆಂಚಿನ ಮೇಲೆ ಕೂತು ನನಗೆ ಧೈರ್ಯ ಹೇಳಿದವರು. ಇಬ್ಬರೂ ನನ್ನ ಎಡಕ್ಕೂ ಬಲಕ್ಕೂ ನಿಂತಿದ್ದರು, ಮತ್ತು ಯಾವ ಕಡೆ ಸರಿಯಬೇಕೋ ನನಗೆ ತಿಳಿಯಲಿಲ್ಲ.

"ಮೊನ್ನೆ ಬೆಳಿಗ್ಗೆ ನಾನು ಹೊಳೆಯಾಚೆ ಹಳ್ಳಿಯಲ್ಲಿದ್ದೆ" ಅಂದರು ಡಾಕ್ಟ್ರು, ಸಣ್ಣಗೆ ನಕ್ಕು. "ಒಂದು ಹಸುವಿಗೆ ಹೆರಿಗೆ. ಹಸೂನೇ ಸಾಕ್ಷಿ. ಕೇಳಿ ನೋಡಿ ಮೇಡಂ."

"ಕೇಳ್ತೀನಿ" ಅಂದರು ಇನ್ಸ್‌ಪೆಕ್ಟರಮ್ಮ, ನಗದೆ. "ನೀವು?"

"ಹೇಳಿದ್ನಲ್ಲ" ಅಂದರು ಗಡಿಯಾರದವರು. "ಮನೆ. ಕೆಮ್ಮು."

ಮುಂಗೋಪಿ ಗೇಟು ತೆಗೆದ. ನಾವು ದಾಟುವಾಗ ನನ್ನ ಹತ್ತಿರ ಬಗ್ಗಿ, "ಅಜ್ಜಿ, ನಾನು ಗುಡಿಸಲಲ್ಲೇ ಇರ್ತೀನಿ. ಕೂಗು" ಅಂದ. ಅಷ್ಟು ವರ್ಷದಲ್ಲಿ ಅವನು ನನಗೆ ಹೇಳಿದ ಮೊದಲ ಒಳ್ಳೇ ಮಾತು ಅದು.

ಕೆಂಪು ಬಟ್ಟೆ ಇನ್ಸ್‌ಪೆಕ್ಟರಮ್ಮನ ಜೇಬು ಸೇರಿದ್ದರಿಂದ ನಾನೇ ನನ್ನ ತಲೆವಸ್ತ್ರ ಬಿಚ್ಚಿ ಕಂಬಕ್ಕೆ ಕಟ್ಟಿದೆ.

ಸೋಂಬೇರಿ ಗೇಟು ದಾಟಿದ ಮೇಲೆ ಬೇರೆಯೇ ನಾಯಿಯಾದ. ನಡುಗುತ್ತಲೇ ಇದ್ದ, ಆದರೆ ಎಳೆಯತೊಡಗಿದ. ನನ್ನ ತೋಳು ಕಿತ್ತು ಬರುವ ಹಾಗೆ. ಹುಲ್ಲಿನಲ್ಲಿ ತುಳಿದು ಸವೆದ ದಾರಿ ಎಡಕ್ಕೆ ತಿರುಗಿ ಹೊಳೆಯ ಕಡೆ ಇಳಿಯುತ್ತದೆ. ನಾಯಿ ಅದನ್ನು ಬಿಟ್ಟು ಮೇಲಕ್ಕೆ, ಮುಳ್ಳುಪೊದೆಗಳ ಕಡೆ ಎಳೆಯಿತು.

"ಮೊಲದ ವಾಸನೆ ಹಿಡಿದಿದ್ದಾನೆ" ಅಂದರು ಡಾಕ್ಟ್ರು. "ಆ ಕಡೆ ಏನೂ ಇಲ್ಲ ದೊಡ್ಡಮ್ಮ. ಬಿದ್ದುಗಿದ್ದೀರಿ. ಹೊಳೆ ಕಡೆ ನೋಡೋಣ. ಮೈಯೆಲ್ಲ ಕೆಸರಾಗಿ ಬಂದಿದ್ದ ಅಂದ್ರೆ ಹೊಳೆ ದಾಟಿದ್ದಾನೆ ಅಂತ ಅರ್ಥ."

ಮಾತು ಸರಿಯಾಗಿಯೇ ಇತ್ತು. ನಾನು ನಿಂತೆ. ಇನ್ಸ್‌ಪೆಕ್ಟರಮ್ಮನನ್ನು ನೋಡಿದೆ. ಅವರು ನಾಯಿಯನ್ನು ನೋಡುತ್ತಿದ್ದರು. ಆ ಭಯದಲ್ಲೂ ಒಂದು ಹೆಜ್ಜೆ ಅದರ ಹತ್ತಿರ ಬಂದರು.

"ನಾಯಿ ಹೇಳಿದ ಕಡೆ" ಅಂದರು.

ಪೊದೆಗಳು ಬಟ್ಟೆ ಹಿಡಿದು ಜಗ್ಗಿದವು. ಮಂಜಿನಲ್ಲಿ ಮುಂದಿನವರ ಬೆನ್ನು ಕಂಡು ಮರೆಯಾಗುತ್ತಿತ್ತು. ಹಿಂದೆ ಯಾರ ಉಸಿರು, ಪಕ್ಕದಲ್ಲಿ ಯಾರ ಹೆಜ್ಜೆ ಅಂತ ಗೊತ್ತಾಗದೆ ಪದೇ ಪದೇ ತಿರುಗಿ ನೋಡಿದೆ. ಒಮ್ಮೆ ಗಡಿಯಾರದವರು ತೀರ ಹತ್ತಿರ ಬಂದಿದ್ದರು. ಎಡವಿದಾಗ ಕೈ ಕೊಟ್ಟರು. ಕೈ ಹಿಡಿಯಲು ಹೆದರಿ ಮುಳ್ಳಿನ ಕೊಂಬೆಯನ್ನೇ ಹಿಡಿದುಕೊಂಡೆ.

"ಅಕ್ಕಾ, ನಾನು" ಅಂದರು.

"ಗೊತ್ತು" ಅಂದೆ. ಅಂಗೈಯಿಂದ ರಕ್ತ ಬರುತ್ತಿತ್ತು.

ಪೊದೆ ಮುಗಿದ ಕಡೆ ನೆಲ ಬೆಳ್ಳಗಿತ್ತು. ಮೊದಲು ಮಂಜು ಅಂದುಕೊಂಡೆ. ಅಲ್ಲ. ಸುಣ್ಣ. ಮುಂದೆ ಗುಡ್ಡಕ್ಕೆ ಬೆನ್ನು ಆನಿಸಿಕೊಂಡು ಹಳೇ ಸುಣ್ಣದ ಗೂಡು ನಿಂತಿತ್ತು. ಸಂತೆಕಟ್ಟೆ, ಗೋಪುರ, ಪೇಟೆಯ ಗೋಡೆ ಎಲ್ಲಕ್ಕೂ ಸುಣ್ಣ ಸುಟ್ಟದ್ದು ಇಲ್ಲೇ. ನಾನು ಮದುವೆಯಾಗಿ ಬಂದಾಗಲೇ ಅದು ಬೆಂಕಿ ಕಾಣದೆ ಎಷ್ಟೋ ಕಾಲವಾಗಿತ್ತು. ಕಲ್ಲಿನ ಕಮಾನಿನ ಬಾಯಿಗೆ ತುಕ್ಕು ಹಿಡಿದ ಕಬ್ಬಿಣದ ಬಾಗಿಲು.

ಬಾಗಿಲಿಗೆ ಬೀಗ. ಬೀಗ ಹೊಸದು.

ಸೋಂಬೇರಿ ನೇರ ಹೋಗಿ ಗೋಡೆಯ ಬುಡದಲ್ಲಿದ್ದ ಗಾಳಿಕಿಂಡಿಗೆ ಮೂತಿ ತುರುಕಿ ಕುಂಯ್ ಅಂದ. ಹಿಂದೆಂದೂ ಅವನ ಗಂಟಲಿಂದ ಅಂಥ ದನಿ ಕೇಳಿರಲಿಲ್ಲ.

ಇನ್ಸ್‌ಪೆಕ್ಟರಮ್ಮ ಬಾಗಿಲು ಗುದ್ದಿದರು. "ಪೊಲೀಸು! ಒಳಗೆ ಯಾರಿದ್ದೀರಿ?"

ಏನೂ ಇಲ್ಲ.

"ಮಗಳೇ!" ಅಂತ ನಾನು ಕೂಗಿದೆ.

"ಹೆದರಬೇಡ ಮಗೂ!" ಅಂತ ಡಾಕ್ಟ್ರೂ ಜೊತೆಗೆ ಕೂಗಿದರು, ಕಿಂಡಿಗೆ ಬಾಯಿ ಹಚ್ಚಿ, ಜೋರಾಗಿ. "ನಾನು ಡಾಕ್ಟ್ರು! ನಿಮ್ಮ ದೊಡ್ಡಮ್ಮನೂ ನನ್ನ ಜೊತೆಗೇ ಇದ್ದಾರೆ! ಗಡಿಯಾರದವರೂ ಬಂದಿದ್ದಾರೆ!"

ಎಷ್ಟು ಒಳ್ಳೆಯವರು ಅನ್ನಿಸಿತು.

ಒಳಗಿನಿಂದ ಉಸಿರಿಲ್ಲ. ಕಿವಿಯನ್ನು ಕಬ್ಬಿಣಕ್ಕೆ ಹಚ್ಚಿದೆ. ತಣ್ಣನೆಯ ಕಬ್ಬಿಣ, ಅದರಾಚೆ ಕತ್ತಲು, ಅಷ್ಟೇ. ಬದುಕಿಲ್ಲ ಅಂತ ಮನಸ್ಸು ಹೇಳಿತು. ಮನಸ್ಸಿನ ಬಾಯಿಗೆ ಹೊಡೆದೆ.

ಇನ್ಸ್‌ಪೆಕ್ಟರಮ್ಮ ಫೋನು ಮೇಲೆತ್ತಿ ಹಿಡಿದು ಸುತ್ತ ತಿರುಗಿದರು. ಗುಡ್ಡದ ಮರೆ. ಸಿಗ್ನಲ್ ಇಲ್ಲ. ಅವರ ಕಣ್ಣು ಮತ್ತೆ ನೆಲದ ಬಿಳಿ ಪುಡಿಗೆ ಹೋಯಿತು. ಅಲ್ಲಿಂದ ಗಡಿಯಾರದವರ ಬೂಟಿಗೆ.

"ಕುರಿಯವನ ಗುಡಿಸಲಲ್ಲಿ ಹಾರೆ ಇರುತ್ತೆ" ಅಂದರು. "ಬೀಗ ಒಡೀಬೇಕು. ಒಬ್ಬಳಿಂದ ಹೊತ್ತು ತರೋಕೆ ಆಗಲ್ಲ. ನೀವು ಬನ್ನಿ ನನ್ನ ಜೊತೆ."

"ನಾನಾ?" ಗಡಿಯಾರದವರ ಮುಖ ಇಳಿಯಿತು. "ಕೆಮ್ಮು..."

"ನೀವೇ."

ಹೊರಡುವ ಮೊದಲು ನನ್ನ ಸೆರಗು ಸರಿಮಾಡುವ ಹಾಗೆ ಹತ್ತಿರ ಬಂದು ಕಿವಿಯಲ್ಲಿ ಹೇಳಿದರು: "ಅವನನ್ನ ನನ್ನ ಕಣ್ಣೆದುರೇ ಇಟ್ಕೊಳ್ತೀನಿ. ನೀವು ಡಾಕ್ಟ್ರನ್ನ ಬಿಟ್ಟು ಒಂದು ಹೆಜ್ಜೆ ಕದಲಬೇಡಿ."

ನಾನು ತಲೆಯಾಡಿಸಿದೆ. ಅಪಾಯ ಇಳಿದು ಹೋಗುತ್ತಿದೆ, ಅದರ ಜೊತೆ ಬಂದೂಕಿರುವ ಒಬ್ಬ ಹೆಂಗಸು ಇದ್ದಾಳೆ ಅನ್ನಿಸಿ ಮೊದಲ ಸಲ ಉಸಿರು ಸಲೀಸಾಗಿ ಬಂತು. ಇಬ್ಬರನ್ನೂ ಮಂಜು ನುಂಗಿತು. ಪೊದೆಯಲ್ಲಿ ಸ್ವಲ್ಪ ಹೊತ್ತು ಸರಬರ ಕೇಳಿಸಿತು, ಆಮೇಲೆ ಅದೂ ನಿಂತಿತು.

ಡಾಕ್ಟ್ರು ತಮ್ಮ ಕೋಟು ತೆಗೆದು ಕಲ್ಲಿನ ಮೇಲೆ ಹಾಸಿದರು. "ಕೂತ್ಕೊಳ್ಳಿ ದೊಡ್ಡಮ್ಮ."

"ಒಳಗಿದ್ದಾಳೆ ಅಂತೀರಾ?"

"ಇದ್ದರೂ..." ಅಂದು ನಿಲ್ಲಿಸಿದರು. "ಮನಸ್ಸು ಗಟ್ಟಿ ಮಾಡ್ಕೊಳ್ಳಿ."

ನಾನು ಕೂರಲಿಲ್ಲ. ಕಿಂಡಿಯ ಪಕ್ಕ, ನಾಯಿಯ ಪಕ್ಕ, ಸುಣ್ಣದ ನೆಲದ ಮೇಲೇ ಕುಸಿದೆ. ಮಾತು ನಿಂತಿತು. ಎಷ್ಟು ಹೊತ್ತೋ. ಡಾಕ್ಟ್ರು ಸ್ವಲ್ಪ ದೂರದಲ್ಲಿ ಕೈಕಟ್ಟಿ ನಿಂತಿದ್ದರು, ಮಂಜನ್ನೇ ನೋಡುತ್ತಾ.

ಆಗ ನನ್ನ ಮೊಣಕಾಲಿನ ಹತ್ತಿರ, ನೆಲದೊಳಗಿನಿಂದ ಬಂದ ಹಾಗೆ, ಒಂದು ಪಿಸುದನಿ.

"ದೊಡ್ಡಮ್ಮ?"

ಕಿಂಡಿಗೆ ಮುಖ ಒತ್ತಿದೆ. ಕಲ್ಲು ಕೆನ್ನೆ ತರಚಿತು.

"ಮಗಳೇ! ಕಂದಾ! ಇದ್ದೀಯಾ?"

"ಮೆಲ್ಲಗೆ." ಒಣಗಿದ ದನಿ, ಮರಳು ತಿಂದ ಹಾಗೆ. "ಆಗಲೇ ಕೇಳಿಸ್ತು ನೀನು ಕೂಗಿದ್ದು. ಅವರ ದನೀನೂ ಕೇಳಿಸ್ತು. ಅದಕ್ಕೇ ಬಾಯಿ ಬಿಡಲಿಲ್ಲ. ದೊಡ್ಡಮ್ಮ, ಈಗ ನೀನೊಬ್ಬಳೇ ಇದ್ದೀಯಾ?"

ಹಿಂದೆ ಸುಣ್ಣದ ಮೇಲೆ ಒಂದು ಹೆಜ್ಜೆ ಚರಕ್ ಅಂದಿತು.

ತಿರುಗಿದೆ. ಡಾಕ್ಟ್ರು ನನ್ನ ಬೆನ್ನಿಗೇ ಬಂದು ಮಂಡಿಯೂರಿದ್ದರು. ಒಂದು ಕೈ ಸೋಂಬೇರಿಯ ಮೂತಿಯನ್ನು ಬಿಗಿಯಾಗಿ ಮುಚ್ಚಿ ಹಿಡಿದಿತ್ತು. ಇನ್ನೊಂದು ಕೈಯ ಬೆರಳು ಅವರದೇ ತುಟಿಯ ಮೇಲಿತ್ತು. ಮುಖದಲ್ಲಿ ಸಿಟ್ಟಿಲ್ಲ, ಗಾಬರಿಯಿಲ್ಲ. ಹಸುವಿಗೆ ಸೂಜಿ ಚುಚ್ಚುವ ಮೊದಲು ಅದನ್ನು ಸಮಾಧಾನ ಮಾಡುವಾಗ ಇರುತ್ತದಲ್ಲ, ಅದೇ ಮುಖ.

"ಹೌದು ಅನ್ನಿ" ಅಂದರು, ತುಟಿ ಮಾತ್ರ ಅಲುಗಿಸಿ. "ಒಬ್ಬಳೇ ಇದ್ದೀನಿ ಅನ್ನಿ. ಇಲ್ಲಿ ಏನೇನು ನೋಡಿದ್ಲು, ಯಾರಿಗೆ ಹೇಳಿದ್ಲು ಅಂತ ಹೇಳಲಿ. ಆಮೇಲೆ ಎಲ್ಲ ಸರಿಹೋಗುತ್ತೆ."

ಹೌದು ಅಂದರೆ ಮಗಳು ಬಾಯಿಬಿಡುತ್ತಾಳೆ. ಬಾಯಿಬಿಟ್ಟ ಮೇಲೆ ಅವಳನ್ನು ಜೀವಂತ ಇಟ್ಟುಕೊಳ್ಳಲು ಈ ಮನುಷ್ಯನಿಗೆ ಯಾವ ಕಾರಣವೂ ಉಳಿಯುವುದಿಲ್ಲ. ಇಲ್ಲ ಅಂದರೆ? ಅವರು ಗಟ್ಟಿ ಆಳು. ನಾನು ಮುದುಕಿ. ಕಬ್ಬಿಣದ ಬಾಗಿಲಿಗೆ ನನ್ನ ತಲೆ ಒಂದು ಸಲ ತಗುಲಿದರೆ ಸಾಕು. ಬಿದ್ದಳು ಪಾಪ, ಮಂಜಿನಲ್ಲಿ, ಅಂತ ಹೇಳಿದರೆ ಊರೆಲ್ಲ ನಂಬುತ್ತದೆ. ನಾನೇ ನಂಬುತ್ತಿದ್ದೆ.

"ದೊಡ್ಡಮ್ಮ?" ದನಿ ಅಳುವಿಗೆ ತಿರುಗಿತ್ತು. "ಹೇಳು. ಒಬ್ಬಳೇನಾ?"

ಕಲ್ಲಿಗೆ ಬಾಯಿ ಹಚ್ಚಿದೆ.

"ಇಲ್ಲ ಕಂದಾ" ಅಂದೆ. "ಡಾಕ್ಟ್ರು ಇದ್ದಾರೆ. ನನ್ನ ಬೆನ್ನಿಗೇ ಇದ್ದಾರೆ. ಏನೂ ಹೇಳಬೇಡ."

ಡಾಕ್ಟ್ರು ಕಣ್ಣು ಮುಚ್ಚಿದರು, ತುಂಬ ದಣಿದವರ ಹಾಗೆ. ಸೋಂಬೇರಿಯ ಮೂತಿ ಬಿಟ್ಟರು. ಎದ್ದು ನಿಂತರು. ನಾನು ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಹರಡಿ ನಿಂತೆ. ಯಾಕೆ ಹಾಗೆ ನಿಂತೆನೋ. ಬೀಗ ಅವರದೇ, ನಾನು ಅಡ್ಡ ನಿಂತರೆಷ್ಟು ಬಿಟ್ಟರೆಷ್ಟು.

"ಇನ್ಸ್‌ಪೆಕ್ಟರಮ್ಮ ಈಗ ಬರ್ತಾರೆ" ಅಂದೆ. ದನಿ ನನ್ನದೇ ಅಂತ ಅನ್ನಿಸಲಿಲ್ಲ. "ಹಾರೆ ತರೋಕೆ ಹೋಗಿದ್ದಾರೆ. ಗಡಿಯಾರದವರ ಜೊತೆ. ಈಗ ಬರ್ತಾರೆ."

ಒಳಗಿನಿಂದ ಎರಡೂ ಅಂಗೈ ಕಬ್ಬಿಣಕ್ಕೆ ಬಡಿದ ಸದ್ದು. ನನ್ನ ಬೆನ್ನೆಲುಬಿಗೇ ಬಡಿದ ಹಾಗೆ.

"ಯಾರ ಜೊತೆ?" ಮಗಳು ಈಗ ಪಿಸುಗುಡುತ್ತಿರಲಿಲ್ಲ, ಚೀರುತ್ತಿದ್ದಳು. "ಅವರ ಜೊತೆ ಯಾಕೆ ಕಳಿಸಿದೆ? ಕೂಗು ದೊಡ್ಡಮ್ಮ, ಆಯಮ್ಮನ್ನ ವಾಪಸ್ ಕರೆ! ನನ್ನ ಕಾಲು ಹಿಡಿದುಕೊಂಡಿದ್ದು ಡಾಕ್ಟ್ರು. ಕೈ ಹಿಡಿದುಕೊಂಡಿದ್ದು ಗಡಿಯಾರದವರು!"

ಕೂಗಿದೆ. ಇದ್ದ ಉಸಿರನ್ನೆಲ್ಲ ಒಟ್ಟು ಮಾಡಿ, ಮಂಜಿನೊಳಕ್ಕೆ, ಇಳಿಜಾರಿನ ಕಡೆ ಕೂಗಿದೆ. ಡಾಕ್ಟ್ರು ನನ್ನನ್ನು ತಡೆಯಲಿಲ್ಲ. ತಲೆ ವಾಲಿಸಿ, ಅವರೂ ಕಾಯುತ್ತಾ ನಿಂತರು.

ಕೆಳಗಿನಿಂದ ಉತ್ತರ ಬಂತು.

"ಬಂದೆ, ಬಂದೆ!"

ಗಂಡಸಿನ ದನಿ, ಅದರ ಹಿಂದೆಯೇ ಕೆಮ್ಮು. ಪೊದೆ ಸರಿಸಿಕೊಂಡು ಏರಿಬರುತ್ತಿದ್ದ ಹೆಜ್ಜೆಗಳೂ ಒಬ್ಬರವೇ.